ಕಲಗ ತಿಂದು ಕೆಡಿಸಿಕೊಂಡ ಬಾಗಿಲು

ನಮ್ಮ ಗಜನಿ ಗದ್ದೆಯ ಬಾಗಿಲು ಕಟ್ಟಿದ ಹಿರಿಯರ ಕೈಗೆ ಬಂಗಾರದ ಕಡಗ ತೊಡಿಸಬೇಕು. ಅಘನಾಶಿನಿ ಹೊಳೆಯ ಉಪ್ಪುನೀರು ಒಳಗೆ ನುಗ್ಗದಂತೆ ತಡೆಯುವ ಚಿರೆಕಲ್ಲಿನ ಕಿಂಡಿ ಅದು. ಸುಣ್ಣವಿಲ್ಲ, ಸಿಮೆಂಟಿಲ್ಲ, ಕಲ್ಲಿನ ಮೇಲೆ ಕಲ್ಲು ಅಷ್ಟೆ. ಭರತದ ಹೊತ್ತಿಗೆ ಹಲಗೆ ಇಳಿಸಿ ಮುಚ್ಚುವುದು, ಇಳಿತದಲ್ಲಿ ಎತ್ತಿ ಮಳೆನೀರು ಹೊರಗೆ ಬಿಡುವುದು.

ಹಲಗೆ ಕೊಳೆತು ಹೋಗಿ ಎಷ್ಟೋ ವರ್ಷವಾಗಿತ್ತು. ನಮ್ಮ ಅತ್ತೆ ಮಾತ್ರ ದಡದ ಎತ್ತರದ ತುಂಡಿನಲ್ಲಿ ಕಗ್ಗ ಭತ್ತ ಬಿತ್ತಿ ಬೀಜ ಉಳಿಸಿಕೊಂಡು ಬಂದಿದ್ದರು. ಹೋದ ವರ್ಷ ಉಪ್ಪುನೀರು ಅಲ್ಲಿಗೂ ಹತ್ತಿತು. ಆ ಬೆಳೆಯಲ್ಲಿ ಉಳಿದದ್ದು ಹುಲ್ಲಿನಲ್ಲಿ ಕಟ್ಟಿಟ್ಟ ಒಂದೇ ಮುಡೆ ಬೀಜ. ಅದು ಹೋದರೆ ಊರಿನಲ್ಲಿ ಕಗ್ಗವೇ ಇಲ್ಲ. ಹಾಗಾಗಿ ಕೇರಿಯವರೆಲ್ಲ ಸೇರಿ ಬಾಗಿಲು ರಿಪೇರಿಗೆ ಇಳಿದೆವು.

ಹೊಸ ಹಲಗೆ ಬಂತು. ನನ್ನ ಗಂಡನಿಗೆ ಚಂದ ಮಾಡುವ ಹುಚ್ಚು. "ಎಂತ ಕೊಳಕ್ರಾ ಇದು, ಕೆರೀರಿ" ಎಂದು ಕಲ್ಲಿಗೆ ಅಂಟಿ ಬೆಳೆದಿದ್ದ ಕಲಗದ ಚಿಪ್ಪನ್ನೆಲ್ಲ ತೆಗೆಸಿದರು. ಒಳಗಿನ ಮಾಂಸಕ್ಕೆ ಕಾಯಿ ಅರೆದು ಹಾಕಿ ಸುಕ್ಕ ಮಾಡಿದೆವು. ಆಹಾ, ಏನು ರುಚಿ! ಅತ್ತೆ ಎರಡು ಸಲ ಹಾಕಿಸಿಕೊಂಡರು.

ಮರುದಿನ ಹಲಗೆ ಮುಚ್ಚಿ ನೋಡಿದರೆ, ಭರತ ಏರುತ್ತಲೇ ಕಲ್ಲಿನ ಸಂದುಸಂದಿನಿಂದ ನೀರು ಚಿಮ್ಮಿತು. ಅತ್ತೆ ಹಣೆ ಚಚ್ಚಿಕೊಂಡರು. "ಅಯ್ಯೋ, ಸಂದು ಮುಚ್ಚಿದ್ದೇ ಆ ಕಲಗ! ಬಾಗ್ಲನ್ನೇ ತಿಂದು ಬಿಟ್ವಲ್ಲೆ!"

ಸಿಟ್ಟು ಬಂದರೂ ನಗು ತಡೆಯಲಾಗಲಿಲ್ಲ. ಹಿರಿಯರು ಕಲ್ಲು ಜೋಡಿಸಿದ್ದರು, ನಡುವಿನ ಗಾರೆ ಕೆಲಸ ಹೊಳೆಯೇ ಮಾಡಿಕೊಂಡಿತ್ತು. ಆ ಬುದ್ಧಿಗೆ ನಾನು ಮನಸಾರೆ ಕೈ ಮುಗಿದೆ. ಆಮೇಲೆ ಪ್ರತಿ ಇಳಿತದಲ್ಲೂ ಹೆಂಗಸರೆಲ್ಲ ಸೊಂಟಮಟ್ಟ ಕೆಸರಿನಲ್ಲಿ ನಿಂತು, ಜೇಡಿಮಣ್ಣು ಕಲಸಿ ಸಂದಿಗೆ ತುರುಕಿದೆವು.

ಮಳೆ ಹಿಡಿದು ಗದ್ದೆಯ ಉಪ್ಪು ತೊಳೆಯಿತು. ಅತ್ತೆ ಮುಡೆ ಬಿಚ್ಚಿದರು. ಬಾಗಿಲಿನ ಮೇಲೆ ನನಗಿನ್ನೂ ನಂಬಿಕೆ ಬಂದಿರಲಿಲ್ಲ.

"ಅರ್ಧ ಇಟ್ಕಳಿ ಅತ್ತೆ."

"ಇಟ್ಟು ಎಂತ ಮಾಡೂದು? ಮುಂದಿನ ವರ್ಷ ಅದು ಮೊಳೀತದನೆ? ಸುಮ್ನಿರು."

ಒಂದು ಕಾಳೂ ಉಳಿಸದೆ ಬಿತ್ತಿದರು. ಆ ಗಟ್ಟಿಗಿತ್ತಿಯನ್ನು ಕಂಡು ನನಗೆ ಹೆಮ್ಮೆಯೂ ಆಯಿತು, ಹೊಟ್ಟೆಯೂ ಉರಿಯಿತು.

ಅಮಾವಾಸ್ಯೆಯ ದೊಡ್ಡ ಭರತದ ದಿನ ಕೇರಿಗೆ ಕೇರಿಯೇ ಒಡ್ಡಿನ ಮೇಲಿತ್ತು. ಅತ್ತೆ ಮಾತ್ರ ಕಾಲು ನೋವೆಂದು ಮನೆಯಲ್ಲೇ ಉಳಿದರು. ಹೊಳೆ ಏರಿ ಏರಿ ಹಲಗೆಯ ನೆತ್ತಿ ಮುಟ್ಟಿತು. ಹಲಗೆ ಕಿರುಗುಟ್ಟಿತು, ಕಲ್ಲು ಅಲುಗಲಿಲ್ಲ. ಒಳಗೆ ಮೊಳಕೆಗಳು ಹಸಿರಾಗಿ ನಿಂತಿದ್ದವು. ನೀರು ಇಳಿಯತೊಡಗಿದ್ದೇ ನಾನು ಮಳೆಯಲ್ಲಿ ಮನೆಗೆ ಓಡಿದೆ.

ಅತ್ತೆ ಜಗಲಿಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದರು.

"ನಿಂತ್ಕಂತು ಅತ್ತೆ! ಒಂದು ಹನಿ ಒಳಗೆ ಬರ್ಲಿಲ್ಲ!"

ತಿರುಗಿದರು. ಅತ್ತು ಅತ್ತು ಕಣ್ಣು ಊದಿದ್ದವು. ನನ್ನ ಒದ್ದೆ ಕೈ ಹಿಡಿದು, "ಅರ್ಧ ಇಟ್ಕಳ್ಬೇಕಿತ್ತು ಅಂತ ಬೆಳಗಿಂದ ಸಾಯ್ತಾ ಇದ್ದೆನೆ" ಎಂದರು.