ಹುಳುಮನೆಯಿಂದ ಹೊರಗುಳಿದ ಹನ್ನೊಂದು ದಿನ

ಸಣ್ಣತಾಯಮ್ಮನವರಿಗೆ ಎಪ್ಪತ್ತಮೂರು ವರ್ಷ. ಆಧಾರ್ ಕಾರ್ಡಿನಲ್ಲಿ ಅರವತ್ತೊಂಬತ್ತು ಎಂದಿದೆ. ಅದನ್ನು ಅವರು ಒಪ್ಪುವುದಿಲ್ಲ. ಹುಟ್ಟಿದ್ದು ನಂಜನಗೂಡು ತಾಲೂಕಿನ ಹೆಡತಲೆಯಲ್ಲಿ, ಮದುವೆಯಾಗಿ ಬಂದದ್ದು ತಿ. ನರಸೀಪುರದ ಸಮೀಪದ ಹಳ್ಳಿಗೆ. ಈ ಮನೆಯಲ್ಲಿ ಅವರು ನಲವತ್ತು ವರ್ಷ ರೇಷ್ಮೆ ಹುಳು ಸಾಕಿದರು. ಅವರ ಅನುಭವವನ್ನು ಮೂರು ಮಧ್ಯಾಹ್ನಗಳಲ್ಲಿ ಧ್ವನಿಮುದ್ರಿಸಿಕೊಳ್ಳಲಾಯಿತು. ಮೂರನೆಯ ದಿನ ಮೊಮ್ಮಗಳು ಮೇಘನಾ ರಜೆಯ ಮೇಲೆ ಬಂದಿದ್ದರು. ಅವರು ಸರ್ಕಾರಿ ಆಸ್ಪತ್ರೆಯೊಂದರಲ್ಲಿ ವೈದ್ಯೆ. ಮುಂದಿನದು ಅಜ್ಜಿ ಮೊಮ್ಮಗಳಿಬ್ಬರೂ ಅಂದು ಹೇಳಿದ್ದು.

ಹುಳುಮನೆಯ ಕಟ್ಟಳೆಗಳನ್ನು ಮೊದಲು ತಿಳಿಸಬೇಕು. ಕಾಲು ತೊಳೆಯದೆ ಯಾರೂ ಒಳಗೆ ಹೋಗುವಂತಿಲ್ಲ. ಹೊಸ್ತಿಲಲ್ಲಿ ಬ್ಲೀಚಿಂಗ್ ಪುಡಿಯ ನೀರು ಇರಲೇಬೇಕು. ಕಾಯಿಲೆಯವರ ಹತ್ತಿರ ಹೋಗಿಬಂದವರು ಹುಳು ಗೂಡು ಕಟ್ಟಿ ಬೆಳೆ ಮುಗಿಯುವವರೆಗೆ ಆ ಕಡೆ ತಲೆ ಹಾಕಬಾರದು. ಮೈ ಉಬ್ಬಿ, ಹಾಲಿನಂಥ ರಸ ಸುರಿಸುವ ಹುಳು ಒಂದು ಕಂಡರೂ ಸಾಕು, ಅದನ್ನು ಕೂಡಲೇ ಹೆಕ್ಕಿ ಹಿತ್ತಲಿನ ಸುಣ್ಣದ ಗುಂಡಿಗೆ ಹಾಕಬೇಕು. ತಡಮಾಡಿದರೆ ಎರಡು ದಿನದಲ್ಲಿ ಹುಳು ಸಾಕುವ ತಟ್ಟೆಗೆ ತಟ್ಟೆಯೇ ಹೋಗುತ್ತದೆ. ಮೇಘನಾ ಬೆಳೆದದ್ದು ಈ ಕಟ್ಟಳೆಗಳ ನಡುವೆ.

೨೦೧೪ರಲ್ಲಿ ಮೇಘನಾ ಪಿಯುಸಿ ಮುಗಿಸಿದರು. ಸಿಇಟಿಯಲ್ಲಿ ಸರ್ಕಾರಿ ವೈದ್ಯಕೀಯ ಸೀಟು ಕೈತಪ್ಪಿತು. ಖಾಸಗಿ ಕಾಲೇಜಿನ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ಉಳಿದದ್ದು ನೆರೆರಾಜ್ಯದ ಒಂದು ಹಳೆಯ ಕಾಲೇಜು. ಅದು ಆಗ ತನ್ನದೇ ಪ್ರವೇಶ ಪರೀಕ್ಷೆಯನ್ನೂ ಅದರ ಮೇಲೆ ಸಂದರ್ಶನವನ್ನೂ ನಡೆಸುತ್ತಿತ್ತು. ಶುಲ್ಕ ತೀರಾ ಕಡಿಮೆ. ಪರೀಕ್ಷೆಯಲ್ಲಿ ಮೇಘನಾ ಆಯ್ಕೆಯಾದರು. ಸಂದರ್ಶನದಲ್ಲಿ ಗೆದ್ದರೆ ಡಾಕ್ಟರು, ಇಲ್ಲದಿದ್ದರೆ ಮೈಸೂರಿನಲ್ಲಿ ಬಿ.ಎಸ್ಸಿ. ಎಂದು ಮನೆಯಲ್ಲಿ ತೀರ್ಮಾನವಾಗಿತ್ತು.

ಸಂದರ್ಶಕರು ಮೂವರು. ನೂರು ಮಕ್ಕಳಿರುವ ಹಾಸ್ಟೆಲಿನಲ್ಲಿ ಅಂಟುರೋಗ ಕಾಣಿಸಿಕೊಂಡರೆ ಮೊದಲು ಏನು ಮಾಡುತ್ತೀಯೆ ಎಂದು ಅವರಲ್ಲಿ ಹಿರಿಯರು ಕೇಳಿದರು. ಮೇಘನಾ ತಡವರಿಸಲಿಲ್ಲ. ರೋಗ ಬಂದವರನ್ನು ಅಂದೇ ಬೇರೆ ಮಾಡಬೇಕು, ಅವರ ಬಳಿ ಹೋದವರು ಉಳಿದ ಮಕ್ಕಳ ಬಳಿ ಸುಳಿಯಬಾರದು, ಬಾಗಿಲಲ್ಲೇ ಕೈಕಾಲು ತೊಳೆಯಬೇಕು ಎಂದು ಪಟಪಟನೆ ಹೇಳಿದರು. ಮೂವರೂ ತಲೆಯಾಡಿಸಿದರು.

“ಸರಿ, ಬೇರೆ ಮಾಡಿದ ಮಕ್ಕಳಿಗೆ ಏನು ಮಾಡುತ್ತೀಯೆ?” ಎಂದು ಹಿರಿಯರು ಮತ್ತೆ ಕೇಳಿದರು.

ಮೇಘನಾ ಅವರ ಕಣ್ಣಮುಂದೆ ಬಂದದ್ದು ಸುಣ್ಣದ ಗುಂಡಿ. ಬೇರೆ ಮಾಡಿದ ಮೇಲೆ ಮುಂದಿನ ಕೆಲಸ ಅವರಿಗೆ ತಿಳಿದಿದ್ದದ್ದು ಅದೊಂದೇ. “ಅವರನ್ನು ಬೇರೆಯೇ ಇಡಬೇಕು,” ಎಂದರು. “ಆಮೇಲೆ?” ಎಂದು ಕೇಳಿದಾಗ ಅದನ್ನೇ ಇನ್ನೊಮ್ಮೆ ಹೇಳಿದರು. ಹಿರಿಯರು ಕಾಗದದ ಮೇಲೆ ಏನನ್ನೋ ಗುರುತು ಹಾಕಿ ಬೇರೆ ಪ್ರಶ್ನೆಗೆ ಹೋದರು.

ಫಲಿತಾಂಶಕ್ಕೆ ಒಂಬತ್ತು ದಿನ ಕಾಯಬೇಕಿತ್ತು. ಊರಿಗೆ ಬಂದ ಮೇಘನಾಗೆ ಊಟ ಸೇರಲಿಲ್ಲ. ಎರಡನೆಯ ದಿನ ಹಿಪ್ಪುನೇರಳೆ ತೋಟದಲ್ಲಿ ಅಜ್ಜಿಯ ಜೊತೆ ಸೊಪ್ಪು ಕೀಳುತ್ತಿದ್ದಾಗ ವಿಷಯ ಹೊರಬಂತು. ಮೇಘನಾ ಅವರ ಬುಟ್ಟಿಯಲ್ಲಿ ಹುಳುವಿಗೆ ಹಾಕಲಾಗದ ಹಳದಿ ಎಲೆಗಳೇ ತುಂಬಿದ್ದವು.

“ಯಾಕ್ ಮಗ, ಮಂಕರಿ ತುಂಬಾ ಅಣ್ಣೆಲೆನೇ ಕಿತ್ತಾಕೊಂಡಿದ್ದೀಯ?”

“ಒಂದ್ ಪ್ರಶ್ನೆಗೆ ಉತ್ತರ ಹೇಳಕ್ಕಾಗ್ಲಿಲ್ಲ ಅಜ್ಜಿ.”

“ಎಷ್ಟ್ ಕೇಳುದ್ರು?”

“ಹದಿನೈದಿರ್ಬೋದು.”

“ಒಂದ್ ಓದ್ರೆ ಓಯ್ತು ಬುಡು. ನಿಮ್ಮಪ್ಪ ಎಸ್ಸೆಲ್ಸಿಲಿ ಆರ್ರಲ್ಲಿ ಮೂರ್ ಪಾಸಾಗಿ ಊರಿಗೆಲ್ಲಾ ಸಕ್ರೆ ಅಂಚ್ದ.”

ಮೇಘನಾ ನಗಲಿಲ್ಲ, ಪ್ರಶ್ನೆ ಏನೆಂದು ಬಿಡಿಸಿ ಹೇಳಿದರು. ಅಜ್ಜಿ ಗಾಬರಿಯಾದರು.

“ಸುಣ್ಣದ್ ಗುಂಡಿ ಅಂದ್ಬುಟ್ಯೇನವ್ವಾ?”

“ಇಲ್ಲ, ಬಾಯಿಗೆ ಬಂದಿತ್ತು, ನುಂಗ್ಕೊಂಡೆ.”

“ಸದ್ಯ! ಅಲ್ಲ ಕಣ್ ಮಗ, ನಿಂಗೇ ಅಮ್ಮ ಎದ್ದಿತ್ತಲ್ಲ ಒಂದ್ನೇ ಕ್ಲಾಸಲ್ಲಿ, ಆಗ ನಾವೇನ್ ಮಾಡುದ್ವು?”

ಸೀತಾಳೆ ಸಿಡುಬನ್ನು ಈ ಕಡೆ ಅಮ್ಮ ಎನ್ನುತ್ತಾರೆ. ಮೇಘನಾಗೆ ನೆನಪಿದ್ದದ್ದು ಬೇವಿನ ಸೊಪ್ಪಿನ ಹಾಸಿಗೆ, ಗಂಜಿ, ಪಕ್ಕದಲ್ಲಿ ಅಜ್ಜಿ. ಮಿಕ್ಕದ್ದನ್ನು ಅಜ್ಜಿ ಅಂದು ಮೊದಲ ಸಲ ಹೇಳಿದರು. ಮೇಘನಾ ಅವರ ತಾಯಿ ಆಗ ತುಂಬು ಗರ್ಭಿಣಿ. ಸೋಂಕಿನ ಭಯಕ್ಕೆ ಅವರನ್ನು ತವರಿಗೆ ಕಳಿಸಿದ್ದರು. ಹುಳುಮನೆಯಲ್ಲಿ ಹುಳು ಹಣ್ಣಾಗಿ ಗೂಡು ಕಟ್ಟಲು ಹನ್ನೆರಡು ದಿನ ಉಳಿದಿತ್ತು. ರೋಗದ ಹುಳುವನ್ನು ನೋಡಿದೊಡನೆ ಗುರುತಿಸುವ ಕಣ್ಣು ಮನೆಯಲ್ಲಿ ಸಣ್ಣತಾಯಮ್ಮನವರಿಗೆ ಮಾತ್ರ ಇತ್ತು. ಮಗುವಿನ ಕೋಣೆಯೊಳಗೆ ಕಾಲಿಟ್ಟರೆ ಹುಳುಮನೆಗೆ ಹೋಗುವಂತಿರಲಿಲ್ಲ. ಅವರು ಮಗುವಿನ ಕೋಣೆಗೆ ಹೋದರು. ಹನ್ನೊಂದು ದಿನ ಅಲ್ಲೇ ಇದ್ದರು.

“ನಿಮ್ಮಪ್ಪ ಸಿದ್ದರಾಜು ಕಿಟಕಿತಾವ್ ಬಂದು, ಅವ್ವ, ಈ ಉಳ ಚೆನ್ನಾಗದಾ, ಇದ್ ಕೆಟ್ಟದಾ ಅಂತ ಕೇಳನು. ಕಿಟಕೀಲಿ ನೋಡುದ್ರೆ ಏನ್ ಕಂಡದು? ಅರ್ಧ ಬೆಳೆ ಓಯ್ತು. ಓಗ್ಲಿ ಬುಡು.”

“ನಂಗ್ಯಾಕೆ ಹೇಳ್ಲೇ ಇಲ್ಲ?”

“ಏನಂತ ಏಳಾದು? ಬ್ಯಾರೆ ಮಡ್ಗಿದ್ ಮಗೀಗೆ ಅನ್ನ ಕೊಡೋರು, ಮೈ ಒರ್ಸೋರು ಒಬ್ರು ಬೇಡ್ವಾ?”

ಸಂದರ್ಶಕರು ಕೇಳಿದ್ದಕ್ಕೆ ಉತ್ತರ ಇದೇ ಎಂದು ಮೇಘನಾಗೆ ಅಲ್ಲೇ ಹೊಳೆಯಿತು. ಅದನ್ನು ಅವರಿಗೆ ತಲುಪಿಸುವ ದಾರಿಯಿರಲಿಲ್ಲ. ಆದರೂ ಅಂದು ಸಂಜೆ ಎರಡು ಮುದ್ದೆ ಉಂಡೆ ಎಂದು ಮೇಘನಾ ನೆನೆಯುತ್ತಾರೆ.

ಒಂಬತ್ತನೆಯ ದಿನ ಸಿದ್ದರಾಜು ತಿ. ನರಸೀಪುರದ ಬಸ್ ನಿಲ್ದಾಣದ ಬಳಿಯ ಸೈಬರ್ ಸೆಂಟರಿನಿಂದ ಫೋನ್ ಮಾಡಿದರು. ಪಟ್ಟಿಯಲ್ಲಿ ಮಗಳ ಹೆಸರಿತ್ತು, ಕೊನೆಯಿಂದ ನಾಲ್ಕನೆಯದು. ಕೋರ್ಸಿನ ಕೊನೆಯ ವರ್ಷ ಮೇಘನಾ ಧೈರ್ಯಮಾಡಿ ಆ ಹಿರಿಯರನ್ನು ಅಂದಿನ ಉತ್ತರದ ಬಗ್ಗೆ ಕೇಳಿದರು. ಅವರಿಗೆ ಉತ್ತರವಿರಲಿ, ಆ ಪ್ರಶ್ನೆಯೇ ನೆನಪಿರಲಿಲ್ಲ.

“ಆ ಉತ್ತರ ಕೆಟ್ಟಿದ್ದೇ ಒಳ್ಳೇದಾಯ್ತು,” ಎಂದು ಮೇಘನಾ ಹೇಳಿದರು. “ಚೆನ್ನಾಗಿ ಹೇಳ್ಬಿಟ್ಟಿದ್ರೆ ಅಜ್ಜಿ ಬಾಯೇ ಬಿಡ್ತಿರ್ಲಿಲ್ಲ. ನಂಗೋಸ್ಕರ ಏನ್ ಬಿಟ್ರು ಅಂತ ತಿಳೀದೇ ಡಾಕ್ಟರಾಗ್ಬಿಡ್ತಿದ್ದೆ.”

ಸಣ್ಣತಾಯಮ್ಮನವರಿಗೆ ಇದು ಹಿಡಿಸಲಿಲ್ಲ. “ಇದ್ನೆಲ್ಲಾ ಬರ್ಕೋಬೇಡಿ ಸಾ,” ಎಂದು ಧ್ವನಿಮುದ್ರಿಸುತ್ತಿದ್ದವರಿಗೆ ಹೇಳಿದರು. “ಮೊಮ್ಮಗೀನ ನೋಡ್ಕಂಡುದ್ದ ಯಾರಾರ ಬರೀತಾರಾ? ಉಳದ್ ಇಸ್ಯ ಬರ್ಕೊಳ್ಳಿ.”

“ಬರ್ಕೊಳ್ಳಿ ಸರ್,” ಎಂದರು ಮೇಘನಾ. “ಹನ್ನೊಂದು ದಿನ ಅಂತ ಸರಿಯಾಗಿ ಬರ್ಕೊಳ್ಳಿ.”