ಪರ್ಮನೆಂಟ್ ಆಗದ ಮೆಟಲರ್ಜಿಸ್ಟ್

ಉಪ್ಪಿಟ್ಟು ತಣ್ಣಗಾಯಿತು. ಕಾರಣ ಒಂದೇ ಒಂದು ಪ್ರಶ್ನೆ.

ಕಳೆದ ಭಾನುವಾರ ಹೊಳೆನರಸೀಪುರದಲ್ಲಿ ನನ್ನ ತಂಗಿಯ ಮಗಳು ಸುಮಾಳನ್ನು ನೋಡಲು ಚನ್ನರಾಯಪಟ್ಟಣದಿಂದ ಗಂಡಿನ ಕಡೆಯವರು ಬಂದಿದ್ದರು. (ಒಂಬತ್ತಕ್ಕೆ ಎಂದವರು ಬಂದದ್ದು ಹತ್ತೂಮುಕ್ಕಾಲಿಗೆ. ನಾನು ಎಂಟೂಮುಕ್ಕಾಲಿಗೇ ಇಸ್ತ್ರಿ ಶರ್ಟು ಹಾಕಿ ಕೂತಿದ್ದೆ. ಇರಲಿ.) ಹುಡುಗ ಹಾಸನದ ಕಾಲೇಜಿನಲ್ಲಿ ಅವಳ ಸಹಪಾಠಿಯಾಗಿದ್ದವನು. ಇಬ್ಬರಿಗೂ ಒಪ್ಪಿಗೆ. ಬಾಕಿಯಿದ್ದದ್ದು ಹಿರಿಯರ ಒಂದು ‘ಹೂಂ’.

ಆ ‘ಹೂಂ’ ಇದ್ದದ್ದು ಹುಡುಗನ ದೊಡ್ಡಪ್ಪ, ಸ್ವಂತ ತೋಟವೂ ಇರುವ ತೆಂಗಿನಕಾಯಿ ವ್ಯಾಪಾರಿ ರಂಗೇಗೌಡರ ಬಾಯಲ್ಲಿ. ಅವರು ಹುಡುಗಿಯನ್ನು ಏನೂ ಕೇಳಲಿಲ್ಲ. ಅವಳಪ್ಪ ಶಿವಣ್ಣನ ಕಡೆ ತಿರುಗಿದರು.

“ಜಾಂಬಿಯಾ ಅಂತೀರಿ, ಚಿಲಿ ಅಂತೀರಿ, ಆಸ್ಟ್ರೇಲಿಯಾ ಅಂತೀರಿ. ಎಲ್ಲೂ ಪರ್ಮನೆಂಟ್ ಆಗ್ನಿಲ್ವಾ ಸಾ?”

ಶಿವಣ್ಣ ಗಣಿಗಳ ಮೆಟಲರ್ಜಿಸ್ಟ್. ಕಲ್ಲನ್ನು ಅರೆದು ಅದರೊಳಗಿನ ತಾಮ್ರವನ್ನು ಹೊರತೆಗೆಯುವುದು ಅವನ ವೃತ್ತಿ.

“ಅದಿರು ಮುಗಿದ್ರೆ ಗಣಿ ಮುಚ್ತಾರೆ. ಮುಂದಿನ ಗಣಿಗೆ ಹೋಗ್ಬೇಕು” ಎಂದ. ಅಷ್ಟೇ. ಅವನ ಮಾತು ಯಾವತ್ತೂ ಅಷ್ಟೇ.

“ಅಂಗಾರೆ ಒಂದ್ಕಡೆ ನಿಲ್ಲೋ ಆಸಾಮಿ ಅಲ್ಲ ಅನ್ನಿ.”

ನನ್ನ ತಂಗಿ ತಲೆ ತಗ್ಗಿಸಿದಳು. ನಮ್ಮ ಕಡೆ ಇದೇನು ಸಣ್ಣ ಮಾತೇ? ಸೇರಿದ ಆಫೀಸಿನಲ್ಲೇ ರಿಟೈರ್ ಆದವನು ಗೌರವಸ್ಥ (ನಾನೂ ಅಂಥವನೇ). ಕೆಲಸ ಬದಲಿಸಿದವನಲ್ಲಿ ಏನೋ ಐಬು ಇರಲೇಬೇಕು!

ಕಾಫಿ ಲೋಟ ಇಟ್ಟ ಸುಮಾ ಒಳಗೆ ಹೋಗಲಿಲ್ಲ.

“ಜಾಂಬಿಯಾದಲ್ಲಿ ಗಣಿ ಮುಚ್ಚಿದ ವಾರವೇ ಎಲ್ರೂ ಪ್ಲೇನ್ ಹತ್ತಿದ್ರು ದೊಡ್ಡಪ್ಪ. ತಾಮ್ರ ತೆಗೆದು ಮಿಕ್ಕಿದ ವಿಷದ ರಾಡಿ ಒಂದು ಕಟ್ಟೆ ತುಂಬಾ ಇತ್ತು. ಅದು ಒಡೆದ್ರೆ ಕೆಳಗೇ ಊರು. ಕಟ್ಟೆ ಭದ್ರ ಆಗೋವರ್ಗೂ ಬರಲ್ಲ ಅಂತ ಅಪ್ಪ ಒಬ್ರೇ ಉಳ್ಕೊಂಡ್ರು, ಒಂದು ಮಳೆಗಾಲ ಪೂರ್ತಿ. ಅವ್ರಿಗೆ ಅಂತ ಕಾದಿದ್ದ ಒಳ್ಳೇ ಕೆಲ್ಸ ಬೇರೆಯೋರ್ಗೆ ಹೋಯ್ತು.”

ರಂಗೇಗೌಡರು ಶಿವಣ್ಣನನ್ನೇ ನೋಡಿದರು. “ದಿಟವಾ ಸಾ?”

“ಕೆಳಗೆ ಊರಿತ್ತಲ್ಲ” ಎಂದ ಶಿವಣ್ಣ.

“ಅಲ್ಲಾ ಸಾ, ಕಾಯಿ ಒಯ್ಯೋರು ಸಿಪ್ಪೆನ ನಮ್ ತ್ವಾಟ್ದಲ್ಲೇ ಸುರ್ದು ಓಗ್ತಾರೆ. ನಿಂತು ಎತ್ತಾಕೋನ್ನ ಒಬ್ನೂ ಕಂಡಿಲ್ಲ ನಾನು. ಇದ್ನ ಮೊದ್ಲೇ ಯೋಳ್ಬಾರ್ದಾ?”

ಆಮೇಲೆ ತಟ್ಟೆಯನ್ನು ನನ್ನ ತಂಗಿಯ ಕಡೆ ಚಾಚಿದರು.

“ತಾಯೀ, ಉಪ್ಪಿಟ್ಟು ಆರೋಗದೆ, ಒಸಿ ಬಿಸಿ ಮಾಡ್ಕೊಡವ್ವಾ. ಬೀಗರ ಮನೇಲಿ ತಣ್ಣಗಿರೋದ್ ತಿನ್ಬಾರ್ದು!”

ಒಬ್ಬ ಎಷ್ಟು ವರ್ಷ ಇದ್ದ ಎಂದು ಕೇಳುವ ನಾವು, ಹೊರಡುವಾಗ ಆ ಜಾಗವನ್ನು ಹೇಗೆ ಬಿಟ್ಟುಬಂದ ಎಂದು ಕೇಳುವುದು ಯಾವಾಗ?