ಅಕ್ಕೋರಿಗೆ ಉಡಿ ತುಂಬಿದ ಶುಕ್ರವಾರ

ಎಂಬತ್ತರ ದಶಕದ ಆರಂಭದಲ್ಲಿ ನಾವು ಬಾಗಲಕೋಟೆಯ ವಿದ್ಯಾಗಿರಿಯಲ್ಲಿದ್ದೆವು. ಸುತ್ತಲಿನ ಹೆಂಗಸರು ಸೇರಿ ಒಂದು ಮಹಿಳಾ ಮಂಡಳ ಕಟ್ಟಿಕೊಂಡು, ಬಾಡಿಗೆಯ ಪಡಸಾಲೆಯಲ್ಲಿ ಬಾಲವಾಡಿ ನಡೆಸುತ್ತಿದ್ದೆವು. ನಮಗ್ಯಾರಿಗೂ ಪಗಾರವಿಲ್ಲ, ಪಗಾರವಿದ್ದದ್ದು ಮಕ್ಕಳನ್ನು ನೋಡಿಕೊಂಡು ಕಲಿಸುವ ಅಕ್ಕೋರಿಗೆ ಮಾತ್ರ. ನಾನು ಕಾರ್ಯದರ್ಶಿ. ಆದರೆ ಒಡತಿಯಂತೆ ಮೆರೆಯುತ್ತಿದ್ದವಳು ಆಕೆ. ಆಕೆಯ ಮೇಲಿನ ಹೊಟ್ಟೆಕಿಚ್ಚು ನನಗೆ ಇಂದಿಗೂ ಆರಿಲ್ಲ, ಸುಳ್ಳೇಕೆ ಹೇಳಲಿ?

ಬಾಯಿ ಬಲು ಜೋರು. ಮನಸ್ಸಾದರೆ ಹೇಳದೆ ಕೇಳದೆ ಬೀಗ ಜಡಿದು ಇಳಕಲ್ಲಿನ ಅಣ್ಣನ ಮನೆಗೆ ಹೋಗಿಬಿಡುವಳು. ಸಭೆಗೆ ಕರೆದರೆ ಬರುತ್ತಿರಲಿಲ್ಲ. ಒಮ್ಮೆ ನಮ್ಮ ಅಧ್ಯಕ್ಷೆ ಊರಿನ ದೊಡ್ಡವರನ್ನು ಕರೆದುಕೊಂಡು ಬಾಲವಾಡಿ ತೋರಿಸಲು ಹೋದರೆ, ಬಾಗಿಲು ಅರ್ಧ ತೆರೆದು, "ಹುಡುಗೂರು ಈಗ ಮಲಗ್ಯಾವ್ರಿ, ನಾಳೆ ಬರ್ರಿ" ಎಂದು ಮುಖಕ್ಕೆ ಹೊಡೆದಂತೆ ಹೇಳಿದ್ದಳು. ಅಧ್ಯಕ್ಷೆ ವಕೀಲರ ಹೆಂಡತಿ, ನಮ್ಮೆಲ್ಲರಿಗಿಂತ ಹಿರಿಯರು. ಅವರಿಗೆ ಹೇಗಾಗಿರಬೇಡ!

ಇದೆಲ್ಲ ಮಂಡಳದ ತಕರಾರು. ನನ್ನದು ಬೇರೆಯೇ ಇತ್ತು. ಮನೆಯಲ್ಲಿ ತುತ್ತು ತುತ್ತಿಗೂ ನನ್ನನ್ನು ಗೋಳು ಹೊಯ್ದುಕೊಳ್ಳುವ ನಾಲ್ಕು ವರ್ಷದ ಮಗಳು, ಆಕೆಯ ಕೈಯಲ್ಲಿ ರೊಟ್ಟಿ ಪಲ್ಲೆ ತಕರಾರಿಲ್ಲದೆ ತಿಂದು ಬರುತ್ತಿದ್ದಳು. ನಾನು ಹಾಕಿದ ಹೆರಳು ಬಿಚ್ಚಿ, "ಅಕ್ಕೋರು ಹಾಕಿದಂಗ ಹಾಕು" ಎನ್ನುವಳು. ಜ್ವರ ಬಂದಾಗ ಹಣೆಗೆ ಒದ್ದೆ ಬಟ್ಟೆ ಇಟ್ಟು ಕೂತವಳು ನಾನು, ಕಣ್ಣು ಮುಚ್ಚಿಕೊಂಡೇ ಅವಳು ಕರೆದದ್ದು "ಅಕ್ಕೋರ..." ಎಂದು. ಹೆತ್ತವಳು ನಾನು! ಗಂಡನಿಗೆ ಹೇಳಿದರೆ, "ಹುಚ್ಚಿ, ಬಾಲವಾಡಿ ಅಕ್ಕೋರ ಮ್ಯಾಲೆ ಎಂಥಾ ಹೊಟ್ಟಿಕಿಚ್ಚ ನಿಂದು?" ಎಂದು ನಕ್ಕರು. ನಗಲಿ ಬಿಡಿ, ಅವರ ಹೆಸರನ್ನಂತೂ ಮಗಳು ಜ್ವರದಲ್ಲೂ ಹಿಡಿದಿರಲಿಲ್ಲ.

ಆಕೆಯನ್ನು ಬಿಡಿಸುವ ಮಾತನ್ನು ಸಭೆಯಲ್ಲಿ ಎತ್ತಿದವಳು ನಾನೇ. ಎಲ್ಲರೂ ಹ್ಞೂಂ ಅಂದರು. ಆದರೆ ಹೇಳುವವರು ಯಾರು? ಕೊನೆಗೆ ಅಧ್ಯಕ್ಷೆ, "ಹೆಣ್ಣಮಗಳನ್ನ ಬರಿಗೈಲೆ ಕಳಸೂದು ಚೊಲೊ ಅಲ್ಲ. ಶುಕ್ರವಾರ ಕಾರ್ಯದರ್ಶಿಯವರ ಮನಿಗೆ ಕರಸೂಣು. ಉಡಿ ತುಂಬಿ, ಆಮ್ಯಾಲೆ ಸಮಾಧಾನಲೆ ಹೇಳೂಣು" ಎಂದರು.

ಶುಕ್ರವಾರ ಸಂಜೆ ಬಂದಳು. ಇಳಕಲ್ ಸೀರೆ ಉಟ್ಟು, ಮುಖದ ತುಂಬ ನಗು. ಮಣೆಯ ಮೇಲೆ ಕೂಡಿಸಿ, ಕುಂಕುಮ ಹಚ್ಚಿ, ಅಕ್ಕಿ, ಕೊಬ್ಬರಿ ಬಟ್ಟಲು, ಕುಬಸದ ಖಣ ಸೆರಗಿಗೆ ಹಾಕಿದೆವು. ಆಕೆಯ ಕಣ್ಣಲ್ಲಿ ನೀರು ಬಂತು.

"ನಮ್ಮವ್ವ ಹೋದ ಮ್ಯಾಲೆ ಹಿಂಗ ಕರದು ಉಡಿ ತುಂಬಿದವರು ಯಾರೂ ಇಲ್ರಿ."

ತುಂಬಿದ ಉಡಿ ಹಿಡಿದು ಕೂತವಳಿಗೆ ಕೆಲಸ ಬಿಡು ಎನ್ನುವುದು ಹೇಗೆ? ಅಧ್ಯಕ್ಷೆ ನನ್ನತ್ತ ನೋಡಿದರು. ಅಷ್ಟರಲ್ಲಿ ಮಗಳು ಒಳಗಿನಿಂದ ಓಡಿಬಂದು ಆಕೆಯ ಕೊರಳಿಗೆ ಜೋತುಬಿದ್ದಳು. ನನ್ನ ಮನೆಯಲ್ಲಿ, ನನ್ನ ಕಣ್ಣೆದುರಿಗೇ! ನನಗೆ ತಡೆಯಲಾಗಲಿಲ್ಲ.

"ಮುಂದಿನ ತಿಂಗಳಿಂದ ನೀವು ಬರೂದು ಬ್ಯಾಡ್ರಿ. ಮಂಡಳದಾಗ ನಿರ್ಣಯ ಆಗೇತಿ."

ಜಗಳ ತೆಗೆಯುತ್ತಾಳೆಂದು ಸೆರಗು ಸಿಕ್ಕಿಸಿ ನಿಂತಿದ್ದೆ. ತೆಗೆಯಲಿಲ್ಲ. "ಮೊದಲ ಹೇಳಿದ್ರ ಉಡಿ ಒಡ್ಡತಿರಲಿಲ್ರಿ" ಎಂದಳು, ಅಷ್ಟೇ. ಮಗಳ ಕೈಗಳನ್ನು ಮೆಲ್ಲಗೆ ಬಿಡಿಸಿ, "ನಾ ಊರಿಗೆ ಹೊಂಟೇನವಾ" ಎಂದು ಎದ್ದಳು.

ಮಗಳು ಅಳಲಿಲ್ಲ. ಅತ್ತೆಯರು, ಚಿಗವ್ವಂದಿರು ನಮ್ಮ ಮನೆಯಲ್ಲಿ ಉಡಿ ತುಂಬಿಸಿಕೊಂಡು ಬಸ್ಸು ಹತ್ತುವುದನ್ನು ಎಷ್ಟೋ ಸಲ ನೋಡಿದವಳು. ಉಳಿದ ಅಕ್ಕಿಯ ತಾಟು ನನ್ನ ಕೈಯಲ್ಲಿತ್ತು. ಎದುರಿಗೆ ಬಂದು, ಎರಡೂ ಕೈಯಿಂದ ಫ್ರಾಕು ಹಿಡಿದು ಒಡ್ಡಿದಳು.

"ಅವ್ವಾ, ನನಗೂ ಉಡಿ ತುಂಬು. ನಾ ಅಕ್ಕೋರ ಜೋಡಿ ಹೋಗ್ತೇನಿ."

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ನಾನು ತಾಟನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದೆ, ಒಂದು ಕಾಳೂ ಅವಳ ಫ್ರಾಕಿಗೆ ಬೀಳದಂತೆ.